ಪರದೆಯ ಮೇಲಿನ ಕಣಿವೆ

ತಮಿಳರ ತೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ, ತಮಿಳುನಾಡಿನ ತೇನಿಯ ನಮ್ಮ ಸಂಜೆ ಪತ್ರಿಕೆಯ ಕಚೇರಿಯಲ್ಲಿದ್ದ ಆರೂ ಕಂಪ್ಯೂಟರ್‌ಗಳು ಹೊಸ ಲಿನಕ್ಸ್ ಆವೃತ್ತಿಯಲ್ಲಿ ತೆರೆದುಕೊಂಡವು. ಎಂಟು ಇಪ್ಪತ್ತಕ್ಕೆ ಮೊದಲ ದೂರು ಬಂತು. ದೂರು ಕೊಟ್ಟವರು ಪುಟ ಕಟ್ಟುವ ಲಕ್ಷ್ಮಕ್ಕ. ಅವರ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: "ಅಣ್ಣಾ, ಕಂಬಂ ಎಲ್ಲಿ ಓತು?"

ದಿಂಡುಕ್ಕಲ್‌ನ ಪ್ರೆಸ್ಸಿಗೆ ಪುಟ ತಲುಪಬೇಕಾದ ಗಡುವು ಹನ್ನೆರಡೂವರೆ. ಉಳಿದದ್ದು ನಾಲ್ಕು ಗಂಟೆ ಹತ್ತು ನಿಮಿಷ.

ನಾನು ಆ ಪತ್ರಿಕೆಗೆ ಪ್ರೂಫ್ ನೋಡುವವನಾಗಿ ಸೇರಿದೆ, ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನಾಗಿ ನಿವೃತ್ತನಾದೆ. ನಡುವೆ ಹುದ್ದೆಯ ಹೆಸರು ಎಷ್ಟು ಸಲ ಬದಲಾಯಿತು ಎಂಬುದು ಇಲ್ಲಿ ಬೇಡ. ಸಣ್ಣ ಕಚೇರಿಗಳಲ್ಲಿ ಇದೇ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಹೊಸ ಆವೃತ್ತಿ ಹಾಕುವಾಗ ಯಾವುದನ್ನು ಮೊದಲು ನೋಡಬೇಕು? ಯಂತ್ರವನ್ನಲ್ಲ, ಯಂತ್ರದ ಮುಂದೆ ಕೂತವರನ್ನು ಎಂದು ನಾನು ಹೇಳುತ್ತೇನೆ. ಇದು ನನಗೆ ಮೊದಲೇ ಗೊತ್ತಿದ್ದ ಸಂಗತಿಯಲ್ಲ. ಮೂರು ಸಲ ಎಡವಿ ಕಲಿತದ್ದು. ಮೂರನ್ನೂ ಬರೆದಿಡುತ್ತೇನೆ.

ಬರೆಯುವ ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ಮನೆಮಾತು ಕನ್ನಡ, ಶಾಲೆ ತಮಿಳಿನದು. ಆ ಕನ್ನಡದಲ್ಲಿ ಹಕಾರ ಎಷ್ಟೋ ಸಲ ಬಿದ್ದುಹೋಗುತ್ತದೆ: ಹೋಯಿತು ಎಂಬುದು ಓತು, ಹೇಳು ಎಂಬುದು ಏಳು. ಮನೆಯ ಕನ್ನಡವನ್ನು ಬರೆಯುವ ಅಭ್ಯಾಸ ಈ ಕಂಬಂ ಕಣಿವೆಯಲ್ಲಿ ಯಾರಿಗೂ ಇಲ್ಲ. ಪ್ರೆಸ್ಸಿನ ಕೆಲಸಕ್ಕೆಂದು ಮೈಸೂರಿಗೆ ಹೋದಾಗ ಒಂದು ಬಾಲಬೋಧೆ ಕೊಂಡು ತಂದೆ. ಲಿನಕ್ಸ್ ಹಾಕುವಾಗ ಬರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರುತ್ತದೆ. ನನ್ನ ಯಂತ್ರಕ್ಕೆ ಅದನ್ನೂ ಸೇರಿಸಿಕೊಂಡು, ಮಧ್ಯಾಹ್ನ ಪುಟ ಹೋದ ಮೇಲೆ ದಿನಕ್ಕೆ ಅರ್ಧ ಗಂಟೆ ಕುಟ್ಟುತ್ತಾ ಕಲಿತೆ.

ಮೊದಲು ಹಳೆಯ ಪದ್ಧತಿ. ನಾನು ಸೇರಿದ ಕಾಲಕ್ಕೆ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಊರೂರಿನ ವರದಿಗಾರರು ಕವರಿನಲ್ಲಿಟ್ಟು ಕಂಡಕ್ಟರ್ ಕೈಗೆ ಕೊಡುತ್ತಿದ್ದರು, ತೇನಿ ಬಸ್‌ ನಿಲ್ದಾಣಕ್ಕೆ ಹೋಗಿ ನಾವು ಇಳಿಸಿಕೊಳ್ಳುತ್ತಿದ್ದೆವು. ಕಚೇರಿಯ ಗೋಡೆಯ ಮೇಲೆ ಒಂದು ಮರದ ಗೂಡುಪೆಟ್ಟಿಗೆ ಇತ್ತು. ಬತ್ತಲಗುಂಡಿನ ಆಚಾರಿಯೊಬ್ಬರು ಮಾಡಿದ್ದು. ಆರು ಗೂಡು, ಆದರೆ ಸಾಲಾಗಿ ಅಲ್ಲ. ರಸ್ತೆ ಹೇಗೆ ಹೋಗುತ್ತದೋ ಹಾಗೆ ಓರೆಯಾಗಿ. ಬಲಗಡೆ ಮೇಲಿನ ಮೂಲೆಯಲ್ಲಿ ದಿಂಡುಕ್ಕಲ್, ಅದರ ಕೆಳಗೆ ಎಡಕ್ಕೆ ಬತ್ತಲಗುಂಡು, ಪೆರಿಯಕುಳಂ, ನಡುವೆ ತೇನಿ, ಆಮೇಲೆ ಚಿನ್ನಮನೂರು, ಎಡಗಡೆ ಕೆಳಮೂಲೆಯಲ್ಲಿ ಕಂಬಂ. ಕವರ್ ಬಂದ ಕೂಡಲೇ ಅದರ ಊರಿನ ಗೂಡಿಗೆ. ಬೆಳಿಗ್ಗೆ ಹತ್ತಕ್ಕೆ ತಲೆ ಎತ್ತಿ ನೋಡಿದರೆ ಯಾವ ಊರಿಂದ ಸುದ್ದಿ ಬಂದಿದೆ, ಯಾವ ಊರು ಬರಿದಾಗಿದೆ ಎಂದು ಒಂದು ನೋಟಕ್ಕೆ ತಿಳಿಯುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಆ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿ ಉಗ್ರಾಣಕ್ಕೆ ಹಾಕಿದವನು ನಾನೇ. ಇದನ್ನು ನೆನಪಿಟ್ಟುಕೊಳ್ಳಿ.

ಸುದ್ದಿ ಸಂಪಾದಕರಾಗಿದ್ದವರು ಮುತ್ತಯ್ಯ ಸಾರ್. ಮಾತು ಕಡಿಮೆ, ಕೆಂಪು ಪೆನ್ನು ಜಾಸ್ತಿ. ನನ್ನನ್ನು ಪ್ರೂಫ್ ಮೇಜಿನಿಂದ ಎಬ್ಬಿಸಿ ಕಂಪ್ಯೂಟರ್ ಕೋಣೆಗೆ ಕಳಿಸಿದವರು ಅವರೇ. ಅದಕ್ಕೆ ಅವರು ಕೊಟ್ಟ ಕಾರಣ: "ನೀನು ಇಲ್ಲದ್ದನ್ನು ಸೇರಿಸುವುದಿಲ್ಲ." ನಾವು ಲಿನಕ್ಸ್‌ಗೆ ಬಂದದ್ದು ಒಂದು ವೈರಸ್ ಶನಿವಾರದ ಪುಟವನ್ನು ತಿಂದ ಮೇಲೆ. ಆ ಸಂಜೆ ಪತ್ರಿಕೆ ಎರಡು ಪುಟ ಕಡಿಮೆ ಬಂತು. "ಯಾರ ಕೈಯೂ ಒಳಗೆ ಹೋಗದ ಯಂತ್ರ ಬೇಕು" ಎಂದರು ಸಾರ್. ನಮ್ಮ ಯಂತ್ರಗಳು ಹಳೆಯವು, ಹೊಸದು ಕೊಡಿಸುವವರು ಯಾರೂ ಇರಲಿಲ್ಲ. ಲಿನಕ್ಸ್ ಅವುಗಳ ಮೇಲೆ ಓಡಿತು.

ಮೊದಲ ದಿನವೇ ಅವರು ನನಗೆ ಒಂದು ನೋಟ್‌ಬುಕ್ ಕೊಟ್ಟರು. "ಯಾರು ಏನು ದೂರಿದರೂ ಗಂಟೆ ಹಾಕಿ ಬರೆ. ನಿನ್ನ ಮಾತಿನಲ್ಲಿ ಬರೆಯಬೇಡ, ಅವರ ಮಾತಿನಲ್ಲಿ ಬರೆ. ಸಾಕ್ಷಿ ಹೇಳಿದ್ದನ್ನು ತಿದ್ದುವ ವರದಿಗಾರ ನನಗೆ ಬೇಡ."

ನನ್ನ ಮೊದಲ ಎಡವಟ್ಟು ಆದದ್ದು ನಮ್ಮ ಪೊಲೀಸ್ ಸುದ್ದಿ ವರದಿಗಾರ ಜೆಬರಾಜ್ ಅವರ ವಿಷಯದಲ್ಲಿ. ಮೊದಲ ಸಲ ಆವೃತ್ತಿ ಬದಲಿಸಿದಾಗ ಜಾಗ ಸಾಲದೆಂದು ಎಲ್ಲ ಯಂತ್ರಗಳ ಕಸದ ಬುಟ್ಟಿ ಖಾಲಿ ಮಾಡಿದ್ದೆ. ಮಾರನೆಯ ಬೆಳಿಗ್ಗೆ ಜೆಬರಾಜ್ ನನ್ನ ಬಾಗಿಲಲ್ಲಿ ನಿಂತಿದ್ದರು.

"ಸಾರ್, ಹೊಸದು ಅಳಗಾಗಿದೆ, ಚೆಂದ ಇದೆ. ಬುಟ್ಟಿ ಮಾತ್ರ ಖಾಲಿ ಇದೆ."

"ಬುಟ್ಟಿ ಖಾಲಿ ಇರಬೇಕಲ್ಲವೇ?"

"ನನ್ನ ಹಳೇ ಸುದ್ದಿ ಪೂರ್ತಿ ಅದರಲ್ಲೇ ಇಟ್ಟಿದ್ದೆ ಸಾರ್. ಅಚ್ಚಾದ ಸುದ್ದಿ ಕಸ ತಾನೇ. ಬೇಕಾದಾಗ ಎತ್ತಿಕೊಳ್ಳುತ್ತಿದ್ದೆ."

ನಾನು ಸಾರ್ ಬಳಿಗೆ ಹೋದೆ. ನಗುವರು ಎಂದುಕೊಂಡಿದ್ದೆ, ನಗಲಿಲ್ಲ. "ಅವನ ಮನೆಯ ಬೀರು ಎಲ್ಲಿದೆ ಅಂತ ನೀನು ಹೇಳುವ ಹಾಗಿಲ್ಲ. ಕಸದ ಬುಟ್ಟಿಯನ್ನೂ ಕೇಳಿಯೇ ಖಾಲಿ ಮಾಡು." ಜೆಬರಾಜ್ ಕಳೆದುಕೊಂಡ ಸುದ್ದಿಗಳನ್ನು ಹಳೆಯ ಸಂಚಿಕೆಗಳಿಂದ ಮತ್ತೆ ಟೈಪ್ ಮಾಡಲು ನನಗೆ ಮೂರು ವಾರ ಹಿಡಿಯಿತು. ಆಮೇಲೆ ನಾನು ಯಾರ ಬುಟ್ಟಿಯನ್ನೂ ಮುಟ್ಟಲಿಲ್ಲ.

ಎರಡನೆಯದು ಬತ್ತಲಗುಂಡಿನದು. ಅಲ್ಲಿನ ವರದಿಗಾರ ಪರಮಶಿವಂ ಮನೆಯ ಮಾಳಿಗೆಯ ಕೋಣೆಯನ್ನೇ ಕಚೇರಿ ಮಾಡಿಕೊಂಡಿದ್ದರು. ಅವರ ಯಂತ್ರಕ್ಕೆ ಹೊಸ ಆವೃತ್ತಿ ಹಾಕಿ ಬಂದೆ. ಮೂರನೇ ದಿನ ಫೋನು.

"ಅಣ್ಣೇ, ಹೊಸದರಲ್ಲಿ ಎಲ್ಲ ಇದೆ. ಟೀ ಮಾತ್ರ ಬರುತ್ತಿಲ್ಲ."

ಅವರ ಮಾತನ್ನು ಹಾಗೇ ಬರೆದುಕೊಂಡೆ. ಅರ್ಥ ಆಗಲಿಲ್ಲ. ಆ ಶುಕ್ರವಾರ ಬಸ್ ಹತ್ತಿ ಹೋದೆ. ಹಳೆಯ ಆವೃತ್ತಿ ತೆರೆದುಕೊಳ್ಳುವಾಗ ತಂಬೂರಿಯ ಹಾಗೆ ಒಂದು ಸದ್ದು ಬರುತ್ತಿತ್ತು. ಕೆಳಗೆ ಅಡುಗೆಮನೆಯಲ್ಲಿದ್ದ ಅವರ ಹೆಂಡತಿಗೆ ಅದೇ ಸೂಚನೆ: ಗಂಡ ಕೆಲಸಕ್ಕೆ ಕೂತರು, ಟೀ ಇಡಬೇಕು. ಹೊಸದು ಸದ್ದಿಲ್ಲದೆ ತೆರೆಯುತ್ತಿತ್ತು. ಅವರು ಮೂರು ದಿನ ಮೇಲೆ ಕಾದರು, ಆಕೆ ಮೂರು ದಿನ ಕೆಳಗೆ ಕಾದರು. ಹಳೆಯ ಡಿಸ್ಕಿನಿಂದ ಆ ಸದ್ದನ್ನು ತಂದು ಹಾಕಿದೆ. ಯಂತ್ರ ಎದ್ದಿತು. ಕೆಳಗಿನಿಂದ "ವಂದೇ", ಬಂದೆ ಎಂಬ ಧ್ವನಿ ಬಂತು. ಎರಡು ಲೋಟ ಟೀ ಬಂತು.

ಹೊಸ ಆವೃತ್ತಿಯಲ್ಲಿ ಬಂದದ್ದನ್ನು ಜನ ಮೊದಲ ದಿನ ನೋಡುವುದಿಲ್ಲ. ಹೋದದ್ದನ್ನು ನೋಡುತ್ತಾರೆ. ಇಷ್ಟು ಕಲಿತಿದ್ದೇನೆ ಎಂದುಕೊಂಡು ನಾನು ಆ ತೈ ತಿಂಗಳ ಸೋಮವಾರಕ್ಕೆ ಬಂದೆ.

ಆ ಸಲದ ಬದಲಾವಣೆ ದೊಡ್ಡದು. ನಮ್ಮ ಹಳೆಯ ಆವೃತ್ತಿಗೆ ಸುರಕ್ಷತೆಯ ತಿದ್ದುಪಡಿ ಬರುವುದು ನಿಂತುಹೋಗಿತ್ತು. ಅದರ ಜೊತೆಗೇ ಮದುರೈಯ ಮುಖ್ಯ ಕಚೇರಿಯಿಂದ ಒಂದು ಮಾತು ಬಂದಿತ್ತು. ಅಲ್ಲಿನ ಮ್ಯಾನೇಜರ್ ಕದಿರೇಶನ್ ಹಿಂದಿನ ಮಾರ್ಗಳಿ ತಿಂಗಳಲ್ಲಿ ತೇನಿಗೆ ಬಂದು, ಮೇಜಿನ ಮೇಲೆ ಬೆರಳಿಟ್ಟು ಕೇಳಿದರು: "ಮದುರೈಯಲ್ಲಿ ಡೆಸ್ಕ್ ಇದೆ, ಜನ ಇದ್ದಾರೆ. ತೇನಿಯಲ್ಲಿ ಕೂತು ಪುಟ ಕಟ್ಟುವುದು ಯಾಕೆ? ಯಂತ್ರಗಳೂ ಹಳೆಯವು."

ಮುತ್ತಯ್ಯ ಸಾರ್ ಒಂದು ವಾರದ ಸಮಯ ಕೇಳಿದರು. "ಹೊಸ ಆವೃತ್ತಿ ಹಾಕುತ್ತೇವೆ. ಸೋಮವಾರದಿಂದ ಶನಿವಾರ. ನೀವೇ ಬಂದು ಕೂತು ನೋಡಿ."

"ಒಂದು ದಿನ ಹನ್ನೆರಡೂವರೆ ದಾಟಿದರೂ ಡೆಸ್ಕ್ ಮದುರೈಗೆ" ಎಂದರು ಕದಿರೇಶನ್. ಸಾರ್ ಒಪ್ಪಿದರು.

ಡೆಸ್ಕ್ ಹೋದರೆ ವರದಿಗಾರರಿಗೆ ತೊಂದರೆ ಇರಲಿಲ್ಲ. ಹೋಗುತ್ತಿದ್ದದ್ದು ಲಕ್ಷ್ಮಕ್ಕನ ಕೆಲಸ. ಅವರು ಚಿನ್ನಮನೂರಿನ ಹತ್ತಿರದ ಮಾರ್ಕಯನ್‌ಕೋಟ್ಟೈಯವರು. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ. ಬೆಳಿಗ್ಗೆ ಎರಡು ಹಸು ಕರೆದು ಬಸ್ ಹತ್ತಿ ಎಂಟಕ್ಕೆ ಕಚೇರಿಯಲ್ಲಿ, ಸಂಜೆ ಮತ್ತೆ ಕರೆಯುವ ಹೊತ್ತಿಗೆ ಮನೆಯಲ್ಲಿ. ಮದುರೈಗೆ ಹೋಗುತ್ತೀರಾ ಎಂದು ಕದಿರೇಶನ್ ಕೇಳಿದಾಗ ಅವರ ಉತ್ತರ: "ನಾನು ಬರ್ತೀನಿ ಸಾರ್. ಹಸುವಿಗೆ ಯಾರು ಟ್ರಾನ್ಸ್‌ಫರ್ ಆರ್ಡರ್ ಕಳಿಸ್ತಾರೆ?" ಕದಿರೇಶನ್ ಅದನ್ನು ಇಲ್ಲ ಎಂದು ಬರೆದುಕೊಂಡರು. ಮನೆಗೆ ಪ್ರತಿ ತಿಂಗಳು ಸಂಬಳ ತರುತ್ತಿದ್ದವರು ಅವರೊಬ್ಬರೇ.

ನಾನು ಎಚ್ಚರದಿಂದಲೇ ಕೆಲಸ ಮಾಡಿದೆ. ಶನಿವಾರ ಪುಟ ಹೋದ ಮೇಲೆ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿದೆ. ಕಸದ ಬುಟ್ಟಿಗಳನ್ನು ಸಹ. ತೆರೆಯುವ ಸದ್ದನ್ನು ಉಳಿಸಿದೆ. ನನ್ನ ಯಂತ್ರಕ್ಕೆ ಹೊಸದನ್ನು ಮೊದಲೇ ಹಾಕಿ ಎರಡು ವಾರ ಓಡಿಸಿಯೂ ನೋಡಿದ್ದೆ. ತಪ್ಪು ಅಲ್ಲೇ ಆಯಿತು. ಪ್ರೂಫ್ ಮೇಜಿನ ಕಾಲದಿಂದ ನನ್ನ ಮೇಜು ಬರಿದು, ನನ್ನ ಪರದೆಯೂ ಬರಿದು. ಪರದೆಯ ಮೇಲೆ ನಾನು ಏನನ್ನೂ ಇಡುವವನಲ್ಲ. ಹೊಸ ಆವೃತ್ತಿಯೂ ಪರದೆಯ ಮೇಲೆ ಏನನ್ನೂ ಇಡಗೊಡುತ್ತಿರಲಿಲ್ಲ. ಅದು ನನಗೆ ಕಾಣಲೇ ಇಲ್ಲ.

ಸೋಮವಾರ ಎಂಟು ಇಪ್ಪತ್ತರಿಂದ ನೋಟ್‌ಬುಕ್ಕಿನಲ್ಲಿ ಹೀಗಿದೆ.

ಎಂಟು ಇಪ್ಪತ್ತು, ಲಕ್ಷ್ಮಕ್ಕ: "ಅಣ್ಣಾ, ಕಂಬಂ ಎಲ್ಲಿ ಓತು?"

ಎಂಟು ಇಪ್ಪತ್ತನಾಲ್ಕು, ಜೆಬರಾಜ್: "ಕಲ್ಯಾಣ ಮಂಟಪ ತೊಳೆದಿಟ್ಟ ಹಾಗಿದೆ ಸಾರ್. ಮದುವೆಯವರು ಎಲ್ಲಿ?"

ಎಂಟು ಇಪ್ಪತ್ತೇಳು, ಜಾಹೀರಾತು ನೋಡುವ ಸೆಲ್ವಿ: "ಅಕ್ಷರ ಚೆನ್ನಾಗಿ ಕಾಣುತ್ತೆ. ಪೆರಿಯಕುಳಂ ಕಾಣ್ತಿಲ್ಲ."

ಎಂಟು ಮೂವತ್ತೊಂದು, ಮುತ್ತಯ್ಯ ಸಾರ್: "ಬತ್ತಲಗುಂಡು?"

ಎಂಟು ಮೂವತ್ತೈದು, ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಕದಿರೇಶನ್: "ಚೆನ್ನಾಗಿದೆ. ವೇಗವಾಗಿದೆ." ಆ ಯಂತ್ರದಲ್ಲಿ ಅವರಿಗೆ ಏನೂ ಕೆಲಸ ಇರಲಿಲ್ಲ.

ನಾನು ಲಕ್ಷ್ಮಕ್ಕನ ಪಕ್ಕ ಕೂತು ಕಡತಗಳ ಪಟ್ಟಿ ತೆರೆದು ತೋರಿಸಿದೆ. "ಎಲ್ಲಾ ಒಳಗೇ ಐತೆ ತಂಗಚ್ಚಿ. ಒಂದೂ ಓಗಿಲ್ಲ."

ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. "ಒಳಗೆ ಐತೆ. ಮನೆ ಸಾಮಾನು ಪೂರಾ ಒಂದೇ ಗೋಣಿಗೆ ಸುರಿದು, ಒಳಗೇ ಐತೆ ಅಂದ್ರೆ, ಉಪ್ಪು ಯಾವುದು ಅಂತ ಕೈ ಇಕ್ಕಲಿ?"

ಕಡತಗಳ ಹೆಸರು ಓದಿದಾಗ ನನಗೆ ವಿಷಯ ತಿಳಿಯಿತು. ಹೊಸದು. ಹೊಸದು ಎರಡು. ಕೊನೆಯದು. ಕೊನೆಯದು ಮೂರು. ಇದನ್ನು ಹಾಕಿ. ಸುದ್ದಿ. ಸುದ್ದಿ. ಸುದ್ದಿ. ನೂರಾರು ಕಡತ, ಒಂದಕ್ಕೂ ಊರಿನ ಹೆಸರಿಲ್ಲ. ವರದಿಗಾರರು ಏನೆಂದು ಕಳಿಸಿದರೋ ಅದೇ ಹೆಸರು. ಒಂದೊಂದಾಗಿ ತೆರೆದು ಓದುತ್ತಾ ಹೋದರೆ ಮಧ್ಯಾಹ್ನ ಕಳೆಯುತ್ತದೆ.

"ಇಷ್ಟು ದಿನ ನೀನು ಹೇಗೆ ಗುರುತಿಸುತ್ತಿದ್ದೆ?"

"ಎಸರು ಯಾಕೆ ನೋಡ್ಬೇಕು? ಇರೋ ಜಾಗ ನೋಡಿದ್ರೆ ಗೊತ್ತಾಗತ್ತಲ್ಲ."

ನಾನು ನೋಟ್‌ಬುಕ್ ಮತ್ತೆ ಓದಿದೆ. ಕಂಬಂ. ಪೆರಿಯಕುಳಂ. ಬತ್ತಲಗುಂಡು. ಐದು ಸಾಲಿನಲ್ಲಿ ಮೂರು ಊರು. ತಲೆ ಎತ್ತಿದೆ. ಎದುರು ಗೋಡೆಯ ಮೇಲೆ ಗೂಡುಪೆಟ್ಟಿಗೆಯ ನಾಲ್ಕು ಮೊಳೆ ತೂತುಗಳು ಇನ್ನೂ ಇದ್ದವು. ಪೆಟ್ಟಿಗೆ ಹೋದ ಮೇಲೆ ಇವರೆಲ್ಲ ಅದನ್ನು ಪರದೆಯ ಮೇಲೆ ಕಟ್ಟಿಕೊಂಡಿದ್ದರು. ಬಲಮೂಲೆಯಲ್ಲಿ ದಿಂಡುಕ್ಕಲ್, ಎಡಮೂಲೆಯಲ್ಲಿ ಕಂಬಂ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾನು ಕೇಳಿರಲಿಲ್ಲ. ಇಪ್ಪತ್ತು ವರ್ಷದ ಅಂತರದಲ್ಲಿ ಒಂದೇ ಪೆಟ್ಟಿಗೆಯನ್ನು ಎರಡು ಸಲ ಬಿಚ್ಚಿದ್ದೆ.

ಗಂಟೆ ಒಂಬತ್ತಾಗಲು ಐದು ನಿಮಿಷ. ಕದಿರೇಶನ್ ಎದ್ದು ಬಂದರು. "ಎನ್ನ ಸಾರ್, ಏನು ಮಾಡುತ್ತೀರಿ? ಹಳೆಯದನ್ನೇ ವಾಪಸ್ ಹಾಕುವುದೇ?"

ಹಳೆಯದನ್ನು ಹಾಕಬಹುದಿತ್ತು. ಆದರೆ ಹಾಕಿದರೆ ಸಾರ್ ಕೇಳಿ ಪಡೆದ ಪರೀಕ್ಷೆಯ ವಾರ ಸೋಲಿನಲ್ಲಿ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮುತ್ತಯ್ಯ ಸಾರ್ ಮುಖ ನೋಡಿದೆ.

"ಏನಾಯಿತು ಅಂತ ಮೊದಲು ಹೇಳು" ಎಂದರು.

"ತಪ್ಪು ನನ್ನದು ಸಾರ್. ಕಡತ ಎಲ್ಲ ಇವೆ. ಅವು ಇದ್ದ ಸ್ಥಳ ಹೋಗಿದೆ."

"ಸ್ಥಳವನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ?"

ಆ ಪ್ರಶ್ನೆಯೇ ದಾರಿ ತೋರಿಸಿತು. ಬರೆದಿಟ್ಟಿತ್ತು, ಹಳೆಯ ಆವೃತ್ತಿಯೇ. ಪರದೆಯ ಮೇಲಿನ ಪ್ರತಿ ಕಡತದ ಚಿತ್ರ ಎಡ ಅಂಚಿನಿಂದ ಎಷ್ಟು ದೂರ, ಮೇಲಿನ ಅಂಚಿನಿಂದ ಎಷ್ಟು ದೂರ ಎಂದು ಅದು ಒಂದು ಸಣ್ಣ ಕಡತದಲ್ಲಿ ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಆ ಕಡತ ನಾನು ಶನಿವಾರ ಮಾಡಿದ ನಕಲಿನಲ್ಲಿರಬೇಕು. ಒಂಬತ್ತು ಹತ್ತಕ್ಕೆ ಸಿಕ್ಕಿತು. ಸಾಲು ಸಾಲು ಅಂಕಿಗಳು. ಪ್ರತಿ ಕಡತಕ್ಕೂ ಎರಡು. ಆದರೆ ಎಲ್ಲಿಂದ ಎಲ್ಲಿಯವರೆಗೆ ಕಂಬಂ, ಎಲ್ಲಿ ಚಿನ್ನಮನೂರು ಶುರು ಎಂದು ಅಂಕಿ ಹೇಳುವುದಿಲ್ಲ.

"ನಾನು ಏಳ್ತೀನಿ" ಎಂದರು ಲಕ್ಷ್ಮಕ್ಕ.

ಅವರು ಖಾಲಿ ಪರದೆಯ ಮೇಲೆ ಗೇಣು ಹಾಕಿದರು. ಹೆಬ್ಬೆರಳು ಎಡಗಡೆ ಕೆಳಮೂಲೆಗೆ. ಆಮೇಲೆ ಕೈಚೀಲ ತೆಗೆದು, ಸ್ಟಿಕ್ಕರ್ ಬೊಟ್ಟಿನ ಪಾಕೀಟು ಹೊರತೆಗೆದು, ಒಂದು ಬೊಟ್ಟು ಕಿತ್ತು ಗಾಜಿಗೆ ಅಂಟಿಸಿದರು. "ಇದು ಕಂಬಂ. ಇಲ್ಲಿಂದ ಓರೆಗೆ ಒಂದು ಗೇಣು ಚಿನ್ನಮನೂರು." ಇನ್ನೊಂದು ಬೊಟ್ಟು. "ತೇನಿ ನಡುಮಧ್ಯ ಅಲ್ಲ, ಒಂದು ಬೆರಳು ಈಚೆ. ಪೆರಿಯಕುಳಂ ಅದರ ತಲೆ ಮೇಲೆ."

"ಬತ್ತಲಗುಂಡು?"

"ಇರು, ಓಗ್ತಾ ಇದೀನಲ್ಲ. ಬಸ್ಸಿಗೂ ಇಷ್ಟು ಅವಸರ ಇರಲ್ಲ."

ಆರು ಬೊಟ್ಟು. ಕದಿರೇಶನ್ ಅವರ ಹಿಂದೆಯೇ ನಿಂತಿದ್ದರು. "ಇದೇನಮ್ಮ, ಯಂತ್ರಕ್ಕೆ ಪೂಜೆಯೇ?"

"ಪೂಜೆ ಆದ್ಮೇಲೆ ಪ್ರಸಾದ ಕೊಡ್ತೀವಿ ಸಾರ್. ಹನ್ನೆರಡೂವರೆಗೆ."

ನಾನು ಒಂದೊಂದು ಬೊಟ್ಟಿನ ಮೇಲೂ ಮೌಸಿನ ಬಾಣ ಇಟ್ಟು ಅಂಕಿ ಬರೆದುಕೊಂಡೆ. ಯಾವ ಕಡತ ಯಾವ ಬೊಟ್ಟಿಗೆ ಹತ್ತಿರ ಇತ್ತೋ ಆ ಊರಿನ ಫೋಲ್ಡರಿಗೆ ಹೋಗಲಿ ಎಂದು ಹನ್ನೆರಡು ಸಾಲಿನ ಒಂದು ಆದೇಶ ಬರೆದೆ. ಹತ್ತು ಗಂಟೆ ಐದು ನಿಮಿಷಕ್ಕೆ ಓಡಿಸಿದೆ. ಆರು ಫೋಲ್ಡರ್ ತುಂಬಿದವು. ಅವು ಅಕ್ಷರದ ಸಾಲಿನಲ್ಲಿ ನಿಂತವು: ಕಂಬಂ, ಚಿನ್ನಮನೂರು, ತೇನಿ, ದಿಂಡುಕ್ಕಲ್, ಪೆರಿಯಕುಳಂ, ಬತ್ತಲಗುಂಡು.

ಲಕ್ಷ್ಮಕ್ಕ ನೋಡಿದರು. "ಈ ರೂಟಿನಲ್ಲಿ ಯಾವ ಬಸ್ ಓಡತ್ತಣ್ಣಾ?"

ಪ್ರತಿ ಹೆಸರಿನ ಮುಂದೆ ಒಂದು ಅಂಕಿ ಹಾಕಿದೆ. ಒಂದು ದಿಂಡುಕ್ಕಲ್, ಎರಡು ಬತ್ತಲಗುಂಡು, ಆರು ಕಂಬಂ. ರಸ್ತೆ ಸರಿಯಾಯಿತು. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಕಚೇರಿಯಲ್ಲಿ ಕೇಳಿಸಿದ್ದು ಕೀಲಿಮಣೆಯ ಸದ್ದು ಮಾತ್ರ. ಹನ್ನೆರಡು ಇಪ್ಪತ್ತೊಂದಕ್ಕೆ ಪುಟ ದಿಂಡುಕ್ಕಲ್‌ಗೆ ಹೋಯಿತು. ಪ್ರೆಸ್ಸಿನ ಫೋರ್ಮನ್ ಫೋನಿನಲ್ಲಿ "ವಂದಾಚ್ಚು", ಬಂದಾಯಿತು ಎಂದರು. ಲಕ್ಷ್ಮಕ್ಕ ಪಾಕೀಟಿನಲ್ಲಿ ಉಳಿದಿದ್ದ ಒಂದು ಬೊಟ್ಟನ್ನು ಕದಿರೇಶನ್ ಅವರ ಫೈಲಿಗೆ ಅಂಟಿಸಿದರು. "ಪ್ರಸಾದ."

ಒಂದು ತಪ್ಪು ಉಳಿಯಿತು. ಅದನ್ನೂ ದಾಖಲಿಸಬೇಕು. ಮರೆಯಬಾರದ ಸುದ್ದಿಯನ್ನು ಬಲಗಡೆ ಮೇಲಿನ ತುದಿಯಲ್ಲಿ ಇಡುವುದು ಲಕ್ಷ್ಮಕ್ಕನ ರೂಢಿ. ಸೀರೆಯ ಸೆರಗಿಗೆ ಗಂಟು ಹಾಕಿಕೊಂಡ ಹಾಗೆ. ಶನಿವಾರ ಅಲ್ಲಿ ಅವರ ಊರಿನ ಒಂದು ಸುದ್ದಿ ಇತ್ತು: ಮಾರ್ಕಯನ್‌ಕೋಟ್ಟೈಯ ಹುಡುಗಿಯರು ಕಬಡ್ಡಿಯಲ್ಲಿ ಗೆದ್ದದ್ದು. ನನ್ನ ಹನ್ನೆರಡು ಸಾಲಿಗೆ ಗಂಟು ಗೊತ್ತಿಲ್ಲ, ದೂರ ಮಾತ್ರ ಗೊತ್ತು. ಸುದ್ದಿ ದಿಂಡುಕ್ಕಲ್ ಅಂಕಣದಲ್ಲಿ ಅಚ್ಚಾಯಿತು.

ಮಂಗಳವಾರ ಬೆಳಿಗ್ಗೆ ಲಕ್ಷ್ಮಕ್ಕ ಬರುವಾಗಲೇ ಮುಖ ಊದಿತ್ತು. "ನಮ್ಮತ್ತೆ ಬಾಗಿಲಲ್ಲೇ ನಿಂತಿದ್ರು ಅಣ್ಣಾ. ಏನೇ ಲಕ್ಷ್ಮೀ, ಊರನ್ನ ಬಸ್ ಹತ್ತಿಸಿ ದಿಂಡುಕ್ಕಲ್‌ಗೆ ಕಳಿಸಿಬಿಟ್ಟೆಯಲ್ಲೇ, ಇನ್ಮೇಲೆ ಹಾಲು ಕರೆಯೋಕೆ ಅಲ್ಲಿಂದ ಬತ್ತೀಯಾ ಅಂತ."

ಮುತ್ತಯ್ಯ ಸಾರ್ ತಿದ್ದುಪಡಿಯನ್ನು ನನ್ನಿಂದಲೇ ಬರೆಸಿದರು. ಎರಡು ಸಾಲು. "ತಾಂತ್ರಿಕ ಕಾರಣದಿಂದ" ಎಂದು ಬರೆದಿದ್ದೆ. ಕೆಂಪು ಪೆನ್ನಿನಿಂದ ಹೊಡೆದುಹಾಕಿ, "ನಮ್ಮ ತಪ್ಪಿನಿಂದ" ಎಂದು ಬರೆದರು.

ಅಷ್ಟರಲ್ಲಿ ಪರದೆ ಸರಿಯಾಗಿತ್ತು. ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಜೆಬರಾಜ್ ಮತ್ತು ನಾನು ಉಗ್ರಾಣಕ್ಕೆ ಹೋಗಿ ಹಳೆಯ ಪತ್ರಿಕೆಯ ಕಟ್ಟುಗಳ ಹಿಂದಿನಿಂದ ಗೂಡುಪೆಟ್ಟಿಗೆಯನ್ನು ಎಳೆದು ತಂದೆವು. ಆಚಾರಿ ಬಿಳಿ ಬಣ್ಣದಲ್ಲಿ ಬರೆದ ಊರಿನ ಹೆಸರುಗಳು ಹಾಗೇ ಇದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಗಳದ ಬೆಳಕಿನಲ್ಲಿ ನಿಲ್ಲಿಸಿ, ನೇರವಾಗಿ ಒಂದು ಫೋಟೊ ತೆಗೆದೆವು. ಪರದೆಯ ಮೇಲೆ ಕಡತ ಇಡಲು ಬಿಡುವ ಸೌಲಭ್ಯವನ್ನು ಹೊಸ ಆವೃತ್ತಿಗೆ ಹೊರಗಿನಿಂದ ಸೇರಿಸಬಹುದಿತ್ತು, ಸೇರಿಸಿದೆ. ಆರೂ ಯಂತ್ರಗಳ ಹಿನ್ನೆಲೆಗೆ ಆ ಫೋಟೊ ಹಾಕಿದೆ. ಹಳೆಯ ಅಂಕಿಗಳನ್ನು ಹಿಡಿದು ಪ್ರತಿ ಕಡತವನ್ನೂ ಅದರ ಗೂಡಿಗೆ ಕಳಿಸಿದೆ. ಮಂಗಳವಾರ ತಪ್ಪು ತಿಳಿದ ಮೇಲೆ ಮೂಲೆಯ ಗಂಟಿಗೆಂದು ಏಳನೆಯ ಗೂಡೊಂದರ ಚಿತ್ರ ಬಿಡಿಸಿ ಸೇರಿಸಿದೆ.

ಮಂಗಳವಾರದ ನೋಟ್‌ಬುಕ್ ಹೀಗಿದೆ. ಲಕ್ಷ್ಮಕ್ಕ: "ಆಂ. ಈಗ ಊರಿಗೆ ಬಂದೆ." ಜೆಬರಾಜ್: "ಮದುವೆಯವರು ಬಂದರು." ಮುತ್ತಯ್ಯ ಸಾರ್: "ಕೆಳಗಿನ ಅಂಚಿನಲ್ಲಿ ಗೆದ್ದಲು ಹಿಡಿದದ್ದು ಕಾಣುತ್ತೆ. ಕತ್ತರಿಸು."

ಆಮೇಲೆ ಜನ ಹೊಸದರಲ್ಲಿ ಬಂದದ್ದನ್ನು ನೋಡತೊಡಗಿದರು. ತಮ್ಮದು ಸಿಕ್ಕ ಮೇಲೆಯೇ ಕಣ್ಣು ಬೇರೆ ಕಡೆ ತಿರುಗುತ್ತದೆ. ಕಡತಗಳ ಒಳಗಿನ ಮಾತನ್ನೂ ಹುಡುಕಿಕೊಡುವ ಪೆಟ್ಟಿಗೆಯೊಂದು ಮೇಲೆ ಇರುವುದನ್ನು ಮೊದಲು ಕಂಡವರು ಜೆಬರಾಜ್. ಮಂಗಳವಾರ ಪೂರ್ತಿ ಅದರಲ್ಲಿ ತಮ್ಮದೇ ಹೆಸರು ಹುಡುಕುತ್ತಿದ್ದರು.

ಬುಧವಾರ ಹನ್ನೊಂದು ನಲವತ್ತಕ್ಕೆ ಬತ್ತಲಗುಂಡಿನಿಂದ ಪರಮಶಿವಂ ಫೋನು ಮಾಡಿದರು. ಕೊಡೈಕಾನಲ್ ಘಾಟ್ ರಸ್ತೆಗೆ ಬಂಡೆ ಉರುಳಿದೆ, ಬಸ್ಸುಗಳು ಎರಡೂ ಕಡೆ ನಿಂತಿವೆ, ಯಾರಿಗೂ ಗಾಯವಿಲ್ಲ. ಮೊದಲ ಪುಟ ಒಡೆದು ಕಟ್ಟಬೇಕಾಯಿತು. "ಇದೇ ತಿರುವಿನಲ್ಲಿ ಹಿಂದೆ ಯಾವಾಗ ಬಿದ್ದಿತ್ತು?" ಎಂದು ಸಾರ್ ಕೇಳಿದರು. ಹಿಂದೆಲ್ಲ ಈ ಪ್ರಶ್ನೆ ಬಂದರೆ ಒಬ್ಬರು ಉಗ್ರಾಣಕ್ಕೆ ಓಡಿ ಹಳೆಯ ಸಂಪುಟ ಹೊತ್ತು ತರಬೇಕಿತ್ತು, ಅಷ್ಟರಲ್ಲಿ ಗಡುವು ದಾಟುತ್ತಿತ್ತು, ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತಿತ್ತು. ಜೆಬರಾಜ್ ತಿರುವಿನ ಹೆಸರು ಟೈಪ್ ಮಾಡಿದರು. ಉತ್ತರ ಬರುವುದಕ್ಕೆ ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟು ಹೊತ್ತೂ ಬೇಕಾಗಲಿಲ್ಲ. ಎರಡು ಸಲ ಬಿದ್ದಿತ್ತು, ಎರಡನ್ನೂ ಬರೆದವರು ಪರಮಶಿವಂ. ಮೂರರ ವಿವರವನ್ನೂ ಒಂದು ಚೌಕದಲ್ಲಿ ಹಾಕಿದೆವು.

"ಗಂಟೆ?" ಎಂದರು ಸಾರ್.

"ಹನ್ನೆರಡು ಹದಿನೆಂಟು."

"ಲಕ್ಷ್ಮಕ್ಕಾ?"

"ಬತ್ತಲಗುಂಡು ದಾಟಿದೆ ಸಾರ್. ಇನ್ನು ದಿಂಡುಕ್ಕಲ್ಲೇ."

ಹನ್ನೆರಡು ಇಪ್ಪತ್ತೇಳಕ್ಕೆ ಪುಟ 'ವಂದಾಚ್ಚು'. ಆ ವಾರದಲ್ಲಿ ಗಡುವಿಗೆ ನಾವು ಅಷ್ಟು ಹತ್ತಿರ ಹೋದದ್ದು ಅದೊಂದೇ ದಿನ. ಆ ಸಂಜೆ ತೇನಿ ಬಸ್‌ ನಿಲ್ದಾಣದಲ್ಲಿ ನಮ್ಮ ಕಟ್ಟುಗಳು ಮೊದಲು ಮುಗಿದವು. ಕೊಡೈಗೆ ಹೋಗಬೇಕಿದ್ದವರೆಲ್ಲ ಒಂದೊಂದು ಕೊಂಡರು.

ಶನಿವಾರ ಪುಟ ಹನ್ನೆರಡು ಹನ್ನೊಂದಕ್ಕೆ ಹೋಯಿತು. ಕದಿರೇಶನ್ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು ಆರು ದಿನದ ಗಂಟೆಗಳನ್ನು ಬೆರಳಿಟ್ಟು ಓದಿದರು. ತಪ್ಪನ್ನೂ ಓದಿದರು, ತಿದ್ದುಪಡಿಯನ್ನೂ ಓದಿದರು. ಆಮೇಲೆ ಫೈಲ್ ತೆರೆದರು. ಅದರ ಮೇಲೆ ಬೊಟ್ಟು ಇನ್ನೂ ಇತ್ತು.

"ಡೆಸ್ಕ್ ಇಲ್ಲೇ ಇರಲಿ" ಎಂದರು. ಬಾಗಿಲ ತನಕ ಹೋಗಿ ತಿರುಗಿದರು. "ಆ ಗೂಡಿನ ಫೋಟೊ ಮದುರೈಗೂ ಒಂದು ಕಳಿಸಿ."

"ಮದುರೈ ನಮ್ಮ ಗೂಡಲ್ಲಿ ಇಲ್ಲ ಸಾರ್" ಎಂದರು ಲಕ್ಷ್ಮಕ್ಕ, ಕೀಲಿಮಣೆಯಿಂದ ಕೈ ತೆಗೆಯದೆ. "ನಿಮ್ಮ ರೋಡು ಬೇರೆ. ನೀವೇ ಒಂದು ಮಾಡಿಸ್ಕೊಳ್ಳಿ. ಬೊಟ್ಟು ಬೇಕಾದ್ರೆ ನಾನು ಕೊಡ್ತೀನಿ."

ಕದಿರೇಶನ್ ನಕ್ಕರು. ಮುತ್ತಯ್ಯ ಸಾರ್ ನಕ್ಕದ್ದನ್ನು ನಾನು ಆ ದಿನ ಮೊದಲ ಸಲ ನೋಡಿದೆ. ಗಂಟೆ ಹಾಕಿ ಬರೆದುಕೊಂಡೆ. ಮುಂದಿನ ಮಾಸಿ ತಿಂಗಳಲ್ಲಿ ಮದುರೈ ಡೆಸ್ಕಿನವರು ತಮ್ಮ ರಸ್ತೆಗಳ ಚಿತ್ರವೊಂದನ್ನು ಬರೆಸಿ ಹಿನ್ನೆಲೆಗೆ ಹಾಕಿಕೊಂಡರು. ಅವರ ಯಂತ್ರಗಳಿಗೆ ಹೊಸ ಆವೃತ್ತಿ ಹಾಕಲು ನನ್ನನ್ನು ಕರೆಸಿದರು. ಹೋದ ಮೊದಲ ದಿನ ನಾನು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಕುರ್ಚಿ ಹಾಕಿಕೊಂಡು, ಒಬ್ಬೊಬ್ಬರ ಹಿಂದೆ ಕೂತು, ಅವರ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಬರೆದುಕೊಂಡೆ. ಎರಡನೇ ದಿನ ಹಾಕಿದೆ. ನೋಟ್‌ಬುಕ್ಕಿನಲ್ಲಿ ಮೂರನೇ ದಿನದ ಪುಟ ಖಾಲಿ ಇದೆ, ದೂರು ಬರಲಿಲ್ಲ.

ಈ ಕೆಲಸಕ್ಕೆ ಬರುವವರಿಗೆ ನಾನು ಕೊಡಬಹುದಾದದ್ದು ಆ ಒಂದು ದಿನ. ಅದನ್ನು ಯಾವ ಮ್ಯಾನೇಜರೂ ತಾವಾಗಿ ಕೊಡುವುದಿಲ್ಲ, ಕೇಳಿ ಪಡೆಯಬೇಕು.

ನಾನು ನಿವೃತ್ತನಾದ ದಿನ ನೋಟ್‌ಬುಕ್ಕನ್ನು ಲಕ್ಷ್ಮಕ್ಕನ ಮೇಜಿನ ಮೇಲೆ ಇಟ್ಟು ಬಂದೆ. ಗೂಡುಪೆಟ್ಟಿಗೆ ಈಗ ಅದೇ ಗೋಡೆಯ ಮೇಲೆ, ಅದೇ ನಾಲ್ಕು ಮೊಳೆಗಳ ಜಾಗದಲ್ಲಿದೆ.

ಕಳೆದ ಆಡಿ ತಿಂಗಳ ಮೊದಲ ಸೋಮವಾರ ತೇನಿ ಕಚೇರಿಯ ಆರೂ ಕಂಪ್ಯೂಟರ್‌ಗಳು ಮತ್ತೊಂದು ಹೊಸ ಆವೃತ್ತಿಗೆ ಹೋದವು. ಹಾಕಿದವರು ಲಕ್ಷ್ಮಕ್ಕ. ಎಂಟೂಕಾಲಿಗೆ ಯಂತ್ರಗಳು ತೆರೆದುಕೊಂಡವು. ನೋಟ್‌ಬುಕ್ಕಿನ ಎಂಟು ಇಪ್ಪತ್ತರ ಸಾಲಿನಲ್ಲಿ ಅವರ ಕೈಬರಹದಲ್ಲಿ "ಕಂಬಂ ಇದೆ" ಎಂದಿದೆ. ಪುಟ ಹನ್ನೆರಡು ಐದಕ್ಕೆ ದಿಂಡುಕ್ಕಲ್ ತಲುಪಿತು.